ಕಂಬಳಿ ಹಾಸುವ ಕೈ

ಪರೀಕ್ಷೆ ಮುಗಿಯುವ ತನಕ ನನಗೆ ತಲೆಯ ಮೇಲೆ ಒಂದು ತಗಡು ಬೇಕಿತ್ತು. ಅಷ್ಟೇ ಬೇಕಿತ್ತು. ಅದಕ್ಕಾಗಿ ಏನೇನು ನುಂಗಿಕೊಂಡೆ ಎಂದು ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳುವ ಸ್ವಭಾವವೂ ನನ್ನದಲ್ಲ.

ಕೊಟ್ಟೂರಿನಲ್ಲಿ ರೈಲು ಹಳಿ ದಾಟಿದರೆ ಹೊಸ ಬಡಾವಣೆ. ಜೋಳದ ಹೊಲಗಳನ್ನು ಸೈಟು ಮಾಡಿ ಕಲ್ಲು ನೆಟ್ಟಿದ್ದಾರೆ. ಅಲ್ಲೊಂದು ಇಲ್ಲೊಂದು ಮನೆ, ನಡುವೆ ಜಾಲಿ. ಬೀದಿಗೆ ಕಂಬ ಬಂದಿವೆ, ದೀಪ ಬಂದಿಲ್ಲ. ಊರೊಳಗಿನ ಬಾಡಿಗೆ ಕೈಗೆಟುಕದವರು ಇಲ್ಲಿಗೆ ಬರುತ್ತೇವೆ. ಎಂ.ಎ. ಓದುವವರು, ಬಿ.ಎಡ್. ಮಾಡುವವರು, ನರ್ಸಿಂಗ್ ಹುಡುಗಿಯರು. ಸಂಜೆ ಕಾಲೇಜಿನಿಂದ ಗುಂಪಾಗಿ ನಡೆದು ಬಂದು, ಒಬ್ಬೊಬ್ಬರು ಒಂದೊಂದು ಮನೆಯ ಹಿಂದಿನ ಮೆಟ್ಟಿಲು ಹತ್ತಿ ಮರೆಯಾಗುತ್ತೇವೆ. ಮುಂದಿನ ಬಾಗಿಲು ನಮಗಲ್ಲ.

ನನ್ನ ಕೋಣೆ ಶಿವಬಸಮ್ಮನವರ ಮನೆಯ ತಾರಸಿ ಮೇಲೆ, ನೀರಿನ ಟ್ಯಾಂಕಿನ ಪಕ್ಕ. ಮೊದಲು ಅಲ್ಲಿ ಗೊಬ್ಬರದ ಚೀಲ ಇಡುತ್ತಿದ್ದರಂತೆ. ಅವರ ಯಜಮಾನರು ಬೆನಕಪ್ಪನವರದು ಬೀಜ ಗೊಬ್ಬರದ ಅಂಗಡಿ. ಎಷ್ಟು ತೊಳೆದರೂ ಗೋಡೆಯಿಂದ ಯೂರಿಯಾದ ವಾಸನೆ ಹೋಗಲಿಲ್ಲ. ಬೇಸಿಗೆಯ ಮಧ್ಯಾಹ್ನ ತಗಡಿನ ಕೆಳಗೆ ಕೂರಲಾಗುವುದಿಲ್ಲ. ಟ್ಯಾಂಕಿನ ನೆರಳಿನಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದೆ. ನೆರಳು ಸರಿದಂತೆ ನಾನೂ ಸರಿಯುತ್ತಿದ್ದೆ.

ನಮ್ಮೂರು ಹಲವಾಗಲಿನಾಚೆ, ಹೊಳೆಯ ದಂಡೆಗೆ. ಅಪ್ಪ ಯರ್ರೆಪ್ಪ ಕುರಿ ಕಾಯುತ್ತಾನೆ. ಅವ್ವ ದ್ಯಾಮಕ್ಕ ಉಣ್ಣೆ ನೂಲುತ್ತಾಳೆ. ದಿನಾ ಊರಿಂದ ಓಡಾಡೋಣವೆಂದರೆ ಬೆಳಗಿನ ಮೊದಲ ಬಸ್ಸು ಹರಪನಹಳ್ಳಿ ಮುಟ್ಟುವ ಹೊತ್ತಿಗೆ ಕೊಟ್ಟೂರಲ್ಲಿ ಕಾಲೇಜು ಶುರುವಾಗಿರುತ್ತದೆ. ಅಪ್ಪ ಅದಕ್ಕೆ ನಗುತ್ತಿದ್ದ. "ಹೆಣ್ಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡ್ಯಾರ. ಬಸ್ಸ ಬಿಡಾದು ಮರ್ತಾರ" ಎನ್ನುತ್ತಿದ್ದ. ಹಾಸ್ಟೆಲಿನಲ್ಲಿ ಸೀಟು ಸಿಗಲಿಲ್ಲ. ಹಾಗಾಗಿ ಈ ತಗಡು.

ಬಾಡಿಗೆ ಅರ್ಧ ಕೊಟ್ಟರೆ ಸಾಕು ಎಂದಿದ್ದರು ಶಿವಬಸಮ್ಮನವರು. ಉಳಿದ ಅರ್ಧಕ್ಕೆ ಮನೆಗೆಲಸದಲ್ಲಿ ಕೈಗೂಡಿಸಬೇಕು. "ನೀ ಏನು ಕೆಲಸದಾಕಿ ಅಲ್ಲವಾ. ಮನಿ ಮಗಳಿದ್ದಂಗ" ಎಂದು ನನ್ನ ಗಲ್ಲ ಹಿಡಿಯಲು ಬಂದ ಕೈಯನ್ನು ಅರ್ಧಕ್ಕೇ ನಿಲ್ಲಿಸಿದ್ದರು. ಆ ವಾರವೇ ಹಳೆಯ ಕೆಲಸದವಳನ್ನು ಬಿಡಿಸಿದರು.

ಬೆಳಕು ಹರಿಯುವ ಮೊದಲೇ ಏಳಬೇಕು. ಅಂಗಳ ಗುಡಿಸಬೇಕು. ಆಕಳ ಸೆಗಣಿ ಬಾಚಿ ಬುಟ್ಟಿ ತುಂಬಿ ತಿಪ್ಪೆಗೆ ಹೊರಬೇಕು. ಹಿತ್ತಲಿನ ಬಂಡೆ ಮೇಲೆ ಬಟ್ಟೆ ಒಗೆಯಬೇಕು. ಆಮೇಲೆ ಪಾತ್ರೆ. ಅದೆಲ್ಲ ಮುಗಿಸಿ ಕಾಲೇಜಿಗೆ ನಡೆದರೆ, ಕ್ಲಾಸಿನಲ್ಲಿ ಪೆನ್ನು ಹಿಡಿದ ಬೆರಳು ಉರಿಯುತ್ತಿತ್ತು. ಪಾತ್ರೆ ಪುಡಿಗೆ ಚರ್ಮ ಸೀಳಿತ್ತು. ಸಂದಿಗಳಲ್ಲಿ ಶಾಯಿ ಇಳಿದು ಕಪ್ಪಾಗಿತ್ತು. ಸೊಂಟ ಹಿಡಿದುಕೊಂಡರೆ ಬೆಂಚಿನಿಂದ ಏಳಲು ಬರುತ್ತಿರಲಿಲ್ಲ. ಎಲ್ಲರೂ ಹೋಗಲಿ ಎಂದು ಏನೋ ಬರೆಯುವವಳ ಹಾಗೆ ಕೂತಿರುತ್ತಿದ್ದೆ.

ನಾನು ತೊಳೆದ ಪಾತ್ರೆಯನ್ನು ಹಿತ್ತಲ ಕಟ್ಟೆಯ ಮೇಲೆ ಬೋರಲು ಹಾಕಬೇಕು. ಒಳಗೆ ಇಡುವಂತಿಲ್ಲ. ಶಿವಬಸಮ್ಮನವರು ಬಂದು ತಂಬಿಗೆಯ ನೀರನ್ನು ಅವುಗಳ ಮೇಲೆ ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು. ನನ್ನೆದುರೇ ಚಿಮುಕಿಸುತ್ತಿದ್ದರು. ಹಾಗೆ ಮಾಡುತ್ತಲೇ ಓದು ಹೇಗಿದೆ, ಊಟ ಮಾಡಿದೆಯಾ ಎಂದು ಕೇಳುತ್ತಿದ್ದರು. ನೀರಿನ ಹನಿ ಒಮ್ಮೊಮ್ಮೆ ನನ್ನ ಮುಖಕ್ಕೂ ಸಿಡಿಯುತ್ತಿತ್ತು. ನಾನು ಒರೆಸಿಕೊಳ್ಳುತ್ತಿರಲಿಲ್ಲ. ಒರೆಸಿಕೊಂಡರೆ ನನಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾಗುತ್ತದೆ.

ಆ ಮನೆಯಲ್ಲಿ ನನ್ನೊಡನೆ ಮಾತಾಡುತ್ತಿದ್ದವಳು ಹಿರಿಯ ಸೊಸೆ ಪುಷ್ಪಲತಾ ಒಬ್ಬಳೇ. ಡಿಗ್ರಿ ಮಾಡಿದವಳು. ಬಟ್ಟೆ ಒಣಹಾಕುವ ನೆಪದಲ್ಲಿ ತಾರಸಿಗೆ ಬಂದು ನನ್ನ ಪುಸ್ತಕ ತಿರುವಿ ಹಾಕುತ್ತಿದ್ದಳು. ಒಂದು ಸಲ ನನ್ನ ಕೈ ನೋಡಿ, ತನ್ನ ಕೈಯನ್ನು ಪಕ್ಕಕ್ಕೆ ಹಿಡಿದಳು. ಹೆಚ್ಚು ವ್ಯತ್ಯಾಸ ಇರಲಿಲ್ಲ.

"ನಿಂದು ಪರೀಕ್ಷೆ ಮುಗದ್ರ ಬಿಡುಗಡಿ" ಎಂದಳು. "ನನಗ ಯಾವ ಪರೀಕ್ಷೆ ಇಟ್ಟಾರವಾ?"

ಇಬ್ಬರೂ ನಕ್ಕೆವು. ಕೆಳಗಿಂದ ಅತ್ತೆ ಕರೆದರು. ಅವಳು ಬಕೆಟ್ಟು ಎತ್ತಿಕೊಂಡು ಓಡಿದಳು.

ಕೊನೆಯ ಸೆಮಿಸ್ಟರಿನ ಪರೀಕ್ಷೆಗೂ ಅವರ ಕಿರಿಯ ಮಗ ಬಸವೇಶನ ಮದುವೆಗೂ ನಡುವೆ ಒಂದೇ ವಾರ, ಮದುವೆ ಮೊದಲು. ಮನೆಗೆ ಸುಣ್ಣ ಬಣ್ಣ ಆಯಿತು. ಆ ಸುಣ್ಣದ ಕಲೆಯನ್ನೆಲ್ಲ ನೆಲದಿಂದ ಕೆರೆದು ಒರೆಸಿದ್ದು ನಾನು. ಒಂದು ದಿನ ಪಾತ್ರೆ ತೊಳೆಯುತ್ತಿದ್ದಾಗ ಶಿವಬಸಮ್ಮನವರು ಹತ್ತಿರ ಬಂದು ಕುಕ್ಕರುಗಾಲಲ್ಲಿ ಕುಳಿತರು. ಅಷ್ಟು ಹತ್ತಿರ ಎಂದೂ ಕುಳಿತಿರಲಿಲ್ಲ.

ಅರಿಶಿಣದ ದಿನ ಮದುಮಗ ಕೂರುವ ಗದ್ದಿಗೆಗೆ ಹಾಸಲು ಹೊಸ ಕರಿ ಕಂಬಳಿ ಬೇಕು. ನಿಮ್ಮಪ್ಪನಿಗೆ ಹೇಳಿ ತರಿಸು ಎಂದರು. ಅಂಗಡಿಯಲ್ಲಿ ಸಿಗುತ್ತದಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಅವರೇ ಹೇಳಿದರು.

"ಅಂಗಡೀದು ಉಣ್ಣಿ ಅಲ್ಲವಾ, ಪ್ಲಾಸ್ಟಿಕ್ಕು. ಗದ್ದಿಗಿಗೆ ಕುರುಬರ ಮನಿಯಿಂದ ಬಂದದ್ದ ಆಗಬೇಕು. ಕಂಬಳಿಗೆ ಮೈಲಿಗಿ ಅನ್ನೋದಿಲ್ಲ ನೋಡು."

ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಕುರಿಗಳ ಕೂಗು ಕೇಳುತ್ತಿತ್ತು. ಆಮೇಲೆ ಅವ್ವನನ್ನು ಕೂಗಿ ಹೇಳಿದ್ದು ಕೇಳಿಸಿತು, ಸಾವ್ಕಾರರ ಮನೆಯ ಗದ್ದಿಗೆಗೆ ನಮ್ಮ ಕಂಬಳಿ ಕೇಳಿದ್ದಾರೆ ಎಂದು. ಅವನ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಕೇಳಿರಲಿಲ್ಲ. ದುಡ್ಡಿನ ಮಾತೇ ಎತ್ತಲಿಲ್ಲ. ಗದ್ದಿಗೆ ಕಂಬಳಿಗೆ ನಮ್ಮಲ್ಲಿ ದುಡ್ಡು ಕೇಳುವುದಿಲ್ಲ.

ಅವ್ವ ತನಗೆಂದು ತೆಗೆದಿಟ್ಟಿದ್ದ ಮೊದಲ ಕತ್ತರಿಯ ಉಣ್ಣೆಯನ್ನು ನೂತಳು. ಮರಿಗಳ ಮೈಯಿಂದ ಮೊದಲ ಸಲ ಕತ್ತರಿಸಿದ ಉಣ್ಣೆ ಅದು, ಬಹಳ ಮೆದು. ದೊಡ್ಡಪ್ಪ ನೇಯ್ದ. ಹುಣಸೆ ಬೀಜ ಅರೆದು ಗಂಜಿ ಮಾಡಿ ಹಚ್ಚಿ, ಹೊಳೆಯ ದಂಡೆಯಲ್ಲಿ ಬಿಸಿಲಿಗೆ ಹಿಡಿದು ಒಣಗಿಸಿದರು. ಇದೆಲ್ಲ ಅವ್ವ ಫೋನಿನಲ್ಲಿ ಹೇಳಿದಳು. ಅಪ್ಪನೇ ತರುತ್ತಾನೆ ಎಂದಳು. ನಾನು ಶಿವಬಸಮ್ಮನವರಿಗೆ ಹೇಳಿದೆ. ತರಲಿ, ತರಲಿ ಎಂದರು.

ನಮ್ಮ ಕಡೆಯ ಹಳ್ಳಿಗಳಲ್ಲಿ ಕಂಬಳಿ ತಂದವನೇ ಅದನ್ನು ಹಾಸುತ್ತಾನೆ. ಯಾರ ಮನೆಯ ಮದುವೆಯಾದರೂ ಸರಿ. ಹಸಿದ ಹೊಟ್ಟೆಯಲ್ಲಿ ಬರುತ್ತಾನೆ. ನಡುಮನೆಗೆ ಹೋಗಿ, ನಾಲ್ಕು ಮೂಲೆ ಎಳೆದು ಹಾಸಿ, ಕೈಮುಗಿದು ಹಿಂದೆ ಸರಿಯುತ್ತಾನೆ. ಮನೆಯ ಹಿರಿಯರು ಅವನಿಗೆ ಎಲೆಯಡಿಕೆ ಕೊಡುತ್ತಾರೆ. ಆಮೇಲೆ ಅದರ ಮೇಲೆ ಅಕ್ಕಿಯಲ್ಲಿ ಗದ್ದಿಗೆ ಬರೆಯುತ್ತಾರೆ. ಹಾಸದೆ ಕೊಟ್ಟರೆ ಅದು ಬರಿ ಹೊದಿಕೆ. ಅಪ್ಪನಿಗೆ ತಿಳಿದದ್ದು ಇದು. ಕೊಟ್ಟೂರಿನ ಬಡಾವಣೆಯಲ್ಲಿ ಬೇರೆ ಇರುತ್ತದೆ ಎಂದು ಅವನಿಗೆ ಯಾರು ಹೇಳಬೇಕಿತ್ತು?

ಅರಿಶಿಣದ ದಿನ ನಾನು ಹಿತ್ತಲಲ್ಲಿ ಪಾತ್ರೆಗಳ ನಡುವೆ ಇದ್ದೆ. ಬೀಗರು ಬಂದಿದ್ದರು. ನಾಷ್ಟಾದ ತಟ್ಟೆ, ಲೋಟ, ಉಪ್ಪಿಟ್ಟು ಹತ್ತಿದ ಕೊಪ್ಪರಿಗೆ. ಮನೆಯ ಪಕ್ಕದ ಓಣಿಯಿಂದ ಮುಂದಿನ ಗೇಟು ಕಾಣುತ್ತದೆ. ಅಪ್ಪ ಬರುವುದು ಕಂಡಿತು. ಬಿಳಿ ಧೋತರ, ಒಗೆದ ಅಂಗಿ, ತಲೆಗೆ ಕೆಂಪು ರುಮಾಲು. ಮಡಿಚಿದ ಕಂಬಳಿಯನ್ನು ಎರಡೂ ಅಂಗೈ ಮೇಲೆ ಹಿಡಿದಿದ್ದ. ಗೇಟಿನಲ್ಲಿ ಚಪ್ಪಲಿ ಬಿಟ್ಟ. ನಲ್ಲಿಯ ಹತ್ತಿರ ಹೋಗಿ ಕಾಲು ತೊಳೆದ. ಕಂಬಳಿ ಒದ್ದೆಯಾಗಬಾರದೆಂದು ಅದನ್ನು ತಲೆಯ ಮೇಲಿಟ್ಟುಕೊಂಡು ತೊಳೆದ. ಆಮೇಲೆ ಮುಂದಿನ ಬಾಗಿಲ ಮೆಟ್ಟಿಲು ಹತ್ತಿದ.

ನಾನು ಎದ್ದು ಓಣಿಯ ತುದಿಗೆ ಬಂದೆ. ಅಷ್ಟರಲ್ಲಿ ಅವನು ಹೊಸ್ತಿಲ ಮೇಲೆ ಕಾಲಿಟ್ಟಿದ್ದ.

ಬೆನಕಪ್ಪನವರು ಒಳಗಿನಿಂದ ಕೈ ಅಡ್ಡ ಹಿಡಿದರು. "ಏ, ಏ. ಎಲ್ಲಿ ಹೊಂಟೀಪಾ?"

"ಗದ್ದಿಗಿ ಹಾಸಾಕ್ರಿ ಸಾವ್ಕಾರ್ರ."

ಒಳಗೆ ಯಾರೋ ನಕ್ಕರು. ಅಪ್ಪನೂ ನಕ್ಕ. ಅವನಿಗೆ ಅದು ಮದುವೆಮನೆಯ ತಮಾಷೆ ಎನಿಸಿತು. ತಾನು ನಾಗರತ್ನಳ ಅಪ್ಪ ಎಂದು ಹೇಳಿದ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಹೊಳೆಯಲ್ಲಿ ಮೈ ತೊಳೆದು ಬಂದಿದ್ದೇನೆ ಎಂದೂ ಹೇಳಿದ. ಬೆನಕಪ್ಪನವರು, ಹಾಸಲು ಮನೆಯಲ್ಲಿ ಮಂದಿ ಇದ್ದಾರೆ, ಕಂಬಳಿ ಅಲ್ಲಿಟ್ಟು ಹಿತ್ತಲಿಗೆ ಹೋಗು ಎಂದರು.

"ಹಂಗಲ್ರಿ" ಎಂದ ಅಪ್ಪ. ಇನ್ನೂ ನಗುತ್ತಲೇ ಇದ್ದ. "ತಂದಾತನ ಹಾಸಬೇಕ್ರಿ. ಇಲ್ಲಾಂದ್ರ ಮಕ್ಕಳಿಗೆ ಚಲೋ ಅಲ್ರಿ."

ಶಿವಬಸಮ್ಮನವರು ಸೆರಗನ್ನು ಮೂಗಿಗೆ ಹಿಡಿದುಕೊಂಡು ಗಂಡನಿಗೆ ಹೇಳಿದರು. ಮೆಲ್ಲಗೆ ಹೇಳಲಿಲ್ಲ. "ಕುರಿ ನಾತ ಅಡಿಗಿ ಮನಿತನಕ ಬಂತು. ಬೀಗರು ಕುಂತಾರ. ದಾಟಸ್ರಿ ಮೊದಲು."

ಬೆನಕಪ್ಪನವರು ಅಪ್ಪನ ಎದೆಗೆ ಬೆರಳ ತುದಿ ಒತ್ತಿ ಹಿಂದಕ್ಕೆ ನೂಕಿದರು. ದೊಡ್ಡ ನೂಕಲ್ಲ. ಬಾಗಿಲ ಪರದೆ ಸರಿಸುವಷ್ಟು. ಅಪ್ಪನ ಕಾಲು ಮೆಟ್ಟಿಲು ತಪ್ಪಿತು. ಕುಂಡೆಯ ಮೇಲೆ ಬಿದ್ದ. ರುಮಾಲು ಬಿಚ್ಚಿ ಅಂಗಳಕ್ಕೆ ಉರುಳಿತು. ಬಿದ್ದವನು ಕೈ ಊರಲಿಲ್ಲ. ಎರಡೂ ಕೈಯಿಂದ ಕಂಬಳಿಯನ್ನು ಮೇಲಕ್ಕೆತ್ತಿ ಹಿಡಿದಿದ್ದ, ನೆಲಕ್ಕೆ ತಾಗಬಾರದೆಂದು.

ಪುಷ್ಪಲತಾಳನ್ನು ಕಳಿಸಿದರು. ಅವಳು ರೇಷ್ಮೆ ಸೀರೆಯಲ್ಲಿ ತಂಬಿಗೆ ಹಿಡಿದು ಬಂದಳು. ಎಲೆಯಿಂದ ಕಂಬಳಿಯ ಮೇಲೆ ನೀರು ಚಿಮುಕಿಸಿ ಅವನ ಕೈಯಿಂದ ತೆಗೆದುಕೊಂಡಳು. ತಗ್ಗಿದ ತಲೆ ಎತ್ತಲಿಲ್ಲ. ಕಂಬಳಿ ಒಳಗೆ ಹೋಯಿತು. ಅಪ್ಪ ರುಮಾಲು ಸುತ್ತಿಕೊಂಡು, ಧೋತರದ ಮಣ್ಣು ಝಾಡಿಸಿಕೊಂಡು, ಹೇಳಿದ ಹಾಗೆ ಹಿತ್ತಲಿಗೆ ಬಂದ.

ಅಲ್ಲಿ ನಾನಿದ್ದೆ.

ನಾನು ಆ ಮನೆಯಲ್ಲಿ ಏನು ಮಾಡುತ್ತೇನೆಂದು ಅವನಿಗೆ ಗೊತ್ತಿರಲಿಲ್ಲ. ಬಾಡಿಗೆ ಕಮ್ಮಿ, ಒಳ್ಳೆಯ ಜನ ಎಂದಷ್ಟೇ ಗೊತ್ತಿತ್ತು. ಅವನು ಕೊಪ್ಪರಿಗೆ ನೋಡಿದ. ತಟ್ಟೆಗಳ ರಾಶಿ ನೋಡಿದ. ನನ್ನ ಕೈ ಹಿಡಿದು ತಿರುಗಿಸಿ ನೋಡಿದ. ಕುರಿಯ ಗೊರಸು ಎತ್ತಿ ಮುಳ್ಳು ಹುಡುಕುವಾಗ ನೋಡುವ ಹಾಗೆ ನೋಡಿದ.

ಅಂಗಿಯ ತೋಳು ಮೇಲಕ್ಕೆ ಮಡಿಚಿದ. ಧೋತರ ಎತ್ತಿ ಕಟ್ಟಿದ. ಕೊಪ್ಪರಿಗೆಯ ಮುಂದೆ ಕುಳಿತು ತೆಂಗಿನ ನಾರು ಕೈಗೆತ್ತಿಕೊಂಡ.

"ನಿನಗ ಪರೀಕ್ಷಿ ಐತಲ್ಲವ್ವ" ಎಂದ. "ನೀ ಹೋಗಿ ಓದ್ಕ. ಇವನ್ನ ನಾ ತೊಳಿತೀನಿ."

ತಿಕ್ಕಲು ಶುರು ಮಾಡಿದ. ಹಸಿದ ಹೊಟ್ಟೆಯಲ್ಲಿ, ಹೊಳೆಯಲ್ಲಿ ಮಿಂದ ಮೈಯಲ್ಲಿ, ಅವರ ಎಂಜಲು ತಿಕ್ಕಿದ.

ನನಗೆ ಕೂಗಲು ಬರುವುದಿಲ್ಲ. ಕ್ಲಾಸಿನಲ್ಲಿ ಹಾಜರಿ ಕೂಗಿದಾಗಲೂ ನನ್ನ ದನಿ ಮೇಷ್ಟ್ರಿಗೆ ಮುಟ್ಟುವುದಿಲ್ಲ. ನಾನು ಕೂಗಲಿಲ್ಲ. ಎದ್ದೆ. ಹಿತ್ತಲ ಬಾಗಿಲಿಂದ ಒಳಗೆ ಹೋದೆ. ನಾನು ಎಂದೂ ಕಾಲಿಡದ ಅಡಿಗೆ ಮನೆ. ಹೂರಣ ರುಬ್ಬುತ್ತಿದ್ದವರು ದಾರಿ ಬಿಟ್ಟರು. ಬಿಡಬಾರದೆಂದು ಅವರಿಗೆ ಆಮೇಲೆ ಹೊಳೆದಿರಬೇಕು. ನಡುಮನೆಗೆ ಬಂದೆ. ಕಂಬಳಿ ಹಾಸಿದ್ದರು. ಒಂದು ಮೂಲೆ ಒಳಕ್ಕೆ ಮಡಿಚಿಕೊಂಡಿತ್ತು, ಹಾಸಲು ಬಾರದವರು ಹಾಸಿದಂತೆ. ಅಕ್ಕಿಯಲ್ಲಿ ಗದ್ದಿಗೆ ಬರೆದಿದ್ದರು. ಬಸವೇಶ ಮೈಗೆ ಅರಿಶಿಣ ಹಚ್ಚಿಸಿಕೊಂಡು ಅದರ ಮೇಲೆ ಕೂರಲು ಪಂಚೆ ಹಿಡಿದು ನಿಂತಿದ್ದ.

ಬಗ್ಗಿ ಕಂಬಳಿಯ ಅಂಚು ಹಿಡಿದು ಎಳೆದೆ.

ಅಕ್ಕಿ ಚೆಲ್ಲಿತು. ಅಡಿಕೆ ಉರುಳಿ ಬೀಗರ ಕಾಲಿಗೆ ಹೋದವು. ಸ್ಪೀಕರಿನಲ್ಲಿ ಶಹನಾಯಿ ಒಂದೇ ನಡೆದಿತ್ತು. ಬಸವೇಶ ನನ್ನ ಕಾಲೇಜಿನಲ್ಲೇ ನನಗಿಂತ ಒಂದು ವರ್ಷ ಮುಂದೆ ಓದಿದವನು, ನನ್ನ ಮುಖ ಬಲ್ಲವನು. ತನ್ನ ಕಾಲ್ಬೆರಳು ನೋಡುತ್ತ ನಿಂತ.

"ಏನ್ ಮಾಡಾಕತ್ತೀ ಲೇ?" ಎಂದರು ಶಿವಬಸಮ್ಮನವರು.

ನಾನು ಹೇಳಿದೆ. ಯಾರಿಗೂ ಕೇಳಿಸಲಿಲ್ಲ. ಮತ್ತೆ ಹೇಳಿದೆ. "ನಮ್ಮಪ್ಪ ಹಾಸ್ತಾನ. ಇಲ್ಲಾಂದ್ರ ಇದು ಇಲ್ಲಿ ಇರಂಗಿಲ್ಲ."

ಬೀಗರ ಕಡೆಯ ಮುದುಕರೊಬ್ಬರು, ಹಾಸಲಿ ಬಿಡ್ರಿ, ಅದಕ್ಕೇನಾತು ಎಂದರು. ಅವರ ಮಾತನ್ನು ಯಾರೂ ಎತ್ತಿಕೊಳ್ಳಲಿಲ್ಲ. ಶಿವಬಸಮ್ಮನವರು ಅಳತೊಡಗಿದರು. ಮಗಳಂತೆ ಇಟ್ಟುಕೊಂಡಿದ್ದೆ, ಮಗನ ಗದ್ದಿಗೆ ಕಿತ್ತಳು ಎಂದು ಅತ್ತರು. ಅವರ ಅಳು ಸುಳ್ಳಾಗಿರಲಿಲ್ಲ. ಅದೇ ನನಗೆ ಇವತ್ತಿಗೂ ಅರಗದ ಮಾತು. ತಾವು ನನಗೆ ಒಳ್ಳೆಯದನ್ನೇ ಮಾಡಿದ್ದೇವೆಂದು ಅವರು ನಂಬಿದ್ದರು.

ಬೆನಕಪ್ಪನವರು ನನ್ನ ಹತ್ತಿರ ಬರಲಿಲ್ಲ. ದೂರದಿಂದಲೇ ಹೇಳಿದರು. "ಈಗಿಂದೀಗ ಕೋಣಿ ಖಾಲಿ ಮಾಡು. ಅದೆಂಗ ಪರೀಕ್ಷಾ ಬರೀತೀ ನಾನೂ ನೋಡ್ತೀನಿ."

ಖಾಲಿ ಮಾಡಲು ಏನಿತ್ತು? ಒಂದು ಚಾಪೆ, ಒಂದು ಸ್ಟವ್ವು, ಬಟ್ಟೆ, ಪುಸ್ತಕ. ಮೆಟ್ಟಿಲಿನಲ್ಲಿ ಪುಷ್ಪಲತಾ ಎದುರಾದಳು. ನನ್ನ ಕೈಯಿಂದ ಪುಸ್ತಕದ ಚೀಲ ತೆಗೆದುಕೊಂಡು ಕೆಳಗಿನ ತನಕ ಹೊತ್ತಳು. ಗೇಟಿನಲ್ಲಿ ಚೀಲ ಕೊಟ್ಟು ಹಿತ್ತಲ ಕಡೆ ನಡೆದಳು. ತಿರುಗಿ ನೋಡಿದಾಗ ರೇಷ್ಮೆ ಸೀರೆ ಎತ್ತಿ ಕಟ್ಟಿ ಕೊಪ್ಪರಿಗೆಯ ಮುಂದೆ ಕೂರುತ್ತಿದ್ದಳು.

ಅಪ್ಪನನ್ನು ಕರೆದುಕೊಂಡು ಬಸ್ ನಿಲ್ದಾಣಕ್ಕೆ ನಡೆದೆ. ಕಂಬಳಿ ಅವನ ಹೆಗಲ ಮೇಲಿತ್ತು. ಅವನಿಗೆ ಸಿಟ್ಟಿಲ್ಲ, ಹೆದರಿಕೆ. ಬರೆದ ಗದ್ದಿಗೆ ಎಳೆಯಬಾರದಿತ್ತವ್ವ ಎಂದ. ನಮ್ಮ ದೇವರು ಬೀರಪ್ಪ ಮುನಿಯುತ್ತಾನೆ ಎಂದ. ಆ ಹುಡುಗನ ಬಾಳುವೆ ಏನು ತಪ್ಪು ಮಾಡಿತ್ತು ಎಂದ. ನೀನು ಬಿದ್ದೆಯಲ್ಲ ಎಂದೆ. ಕುರಿ ಹಿಂದೆ ತಿರುಗುವವನು ದಿನಾ ಬೀಳುತ್ತೇನೆ, ಅದೇನು ದೊಡ್ಡದು ಎಂದ.

ಕಲ್ಲುಬೆಂಚಿನ ಮೇಲೆ ಕುಳಿತು ನರ್ಸಿಂಗ್ ಹುಡುಗಿಯರಿಗೆ ಫೋನು ಮಾಡಿದೆ. ಅವರ ಮನೆಯ ಮಾಲೀಕರು ದಿನಾ ತಲೆ ಎಣಿಸುತ್ತಾರಂತೆ, ಒಬ್ಬಳು ಹೆಚ್ಚಾದರೂ ಬಿಡುವುದಿಲ್ಲವಂತೆ. ಇನ್ನೊಬ್ಬಳಿಗೆ ಮಾಡಿದೆ. ಅವಳು ನನಗಿಂತ ಮೊದಲು ಸುದ್ದಿ ಕೇಳಿದ್ದಳು. ಈಗ ಯಾರು ಕೊಡುತ್ತಾರೆ ನಾಗರತ್ನ, ಬಡಾವಣೆಯಲ್ಲೆಲ್ಲ ಗೊತ್ತಾಗಿದೆ ಎಂದಳು. ಬೇರೆ ಬಡಾವಣೆಯ ಬಾಡಿಗೆ ನಮಗೆ ಆಗದು. ಮೊದಲ ಪತ್ರಿಕೆ ಬರುವ ಸೋಮವಾರ. ಬೆಳಗಿನ ಹೊತ್ತು.

ಅಪ್ಪ ನನ್ನ ಮುಖ ನೋಡುತ್ತಿದ್ದ. ಫೋನಿನ ಮಾತು ಅವನಿಗೆ ಕೇಳಿಸದಿದ್ದರೂ ಮುಖ ಓದಿದ. ಊರಿಂದ ಸೋಮವಾರ ಮುಟ್ಟಲಾಗುತ್ತದೇನು ಎಂದು ಕೇಳಿದ. ಅವನಿಗೂ ಗೊತ್ತಿತ್ತು. ಆ ಬಸ್ಸನ್ನು ನಗೆ ಮಾಡಿದವನೇ ಅವನು.

ಅವನು ಎದ್ದ. ಕಂಬಳಿ ಹೆಗಲಿಂದ ಇಳಿಸಿ ಎರಡೂ ಅಂಗೈ ಮೇಲೆ ಹಿಡಿದುಕೊಂಡ.

"ನೀ ಇಲ್ಲೇ ಕುಂದ್ರವ್ವ. ನಾ ಹೋಗಿ ಅಮ್ಮಾರ ಕಾಲಿಗೆ ಬಿದ್ದು ಇದನ್ನ ಕೊಟ್ಟು ಬರ್ತೀನಿ. ಹುಡುಗಿಗೆ ತಿಳಿವಳಿಕಿ ಇಲ್ಲ ಅಂತೀನಿ. ಪರೀಕ್ಷಿ ಮುಗಿಯಾ ತನಕ ಇಟ್ಗಂತಾರ. ದೊಡ್ಡ ಮಂದಿ."

"ಬ್ಯಾಡಪ್ಪ."

"ನೀ ಬರಬ್ಯಾಡ. ನಾ ಒಬ್ಬನ ಹೋಗ್ತೀನಿ."

ಹೊರಟೇ ಬಿಟ್ಟ. ನಾನು ಓಡಿ ಹೋಗಿ ಅವನ ಮುಂಗೈ ಹಿಡಿದೆ. ಬಿಡು ಎಂದ. ಬಿಡಲಿಲ್ಲ. ಕೊಬ್ಬಿದ ಟಗರನ್ನು ಕೊಂಬು ಹಿಡಿದು ನಿಲ್ಲಿಸುವ ಕೈ ಅದು. ಎಳೆದ. ನಾನು ಎರಡು ಹೆಜ್ಜೆ ಜಾರಿದೆ. ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ನಿಲ್ದಾಣದ ಜನ ನಿಂತು ನೋಡಿದರು. ಚಹದ ಅಂಗಡಿಯವನು, ಏನಮ್ಮ, ಮುದುಕನ್ನ ಯಾಕ ಹಂಗ ಎಳೀತೀ ಎಂದ. ಬೀದಿಯಲ್ಲಿ ಯಾರ ಕಣ್ಣೂ ನನ್ನ ಮೇಲೆ ಬೀಳದಂತೆ ಗೋಡೆಯ ಬದಿಗೇ ನಡೆದವಳು ನಾನು. ಅಷ್ಟು ಜನರ ನಡುವೆ ಅಪ್ಪನ ಕೈಗೆ ಜೋತುಬಿದ್ದಿದ್ದೆ.

"ಪರೀಕ್ಷಿ ಹೋಕ್ಕತವ್ವ" ಎಂದ. ಈಗ ಅವನ ಕಣ್ಣಲ್ಲಿ ನೀರಿತ್ತು. "ಕಾಲಿಗೆ ಬಿದ್ರ ಏನು ಹೋಕ್ಕತಿ? ನಂದೇನು ಹೋಕ್ಕತಿ?"

ಪರೀಕ್ಷೆ ಹೋದರೆ ಹೋಗಲಿ ಎನ್ನಲು ನನಗೆ ಬರಲಿಲ್ಲ. ಅದು ಹೋಗುವುದು ನನಗೆ ಬೇಕಿರಲಿಲ್ಲ. ಅದಕ್ಕಾಗಿಯೇ ಅಲ್ಲವೇ ಅಷ್ಟು ಸೆಗಣಿ ಹೊತ್ತದ್ದು. ನಾನೂ ಅಳುತ್ತಿದ್ದೆ. ಆದರೆ ಬೆರಳು ಬಿಚ್ಚಲಿಲ್ಲ. ಹರಪನಹಳ್ಳಿಯ ಬಸ್ಸು ಬಂತು. ಜನ ನಮ್ಮನ್ನು ನೋಡುತ್ತಲೇ ಹತ್ತಿದರು. ಕಂಡಕ್ಟರು ಬರುತ್ತೀರಾ ಎಂದು ಕೇಳಿ, ಕಾದು, ಸೀಟಿ ಊದಿದ. ಬಸ್ಸು ಹೋಯಿತು. ಅಪ್ಪ ಬಡಾವಣೆಯ ಕಡೆ ಎಳೆಯುತ್ತಲೇ ಇದ್ದ. ನಾನು ಅವನನ್ನು ಬಿಡಲಿಲ್ಲ.